ಮಹಾಧಮನಿ ಸೀಳಿದೆ ಎಂದಾಗ: ಆಪರೇಷನ್ ತೀರ್ಮಾನ ಮತ್ತು ಆಮೇಲಿನ ಬದುಕು

ಅಯೋರ್ಟಿಕ್ ಡಿಸೆಕ್ಷನ್ ಎನ್ನುವ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಮೊದಲ ಸಲ ಕೇಳುವುದು ಎಮರ್ಜೆನ್ಸಿ ವಾರ್ಡಿನ ಹೊರಗೆ ನಿಂತಾಗ. ಹಾರ್ಟ್ ಅಟ್ಯಾಕ್ ಗೊತ್ತು, ಪಾರ್ಶ್ವವಾಯು ಗೊತ್ತು. ಇದು ಯಾವುದು ಅಂತ ಕೇಳುವಷ್ಟರಲ್ಲಿ ಒಪ್ಪಿಗೆ ಪತ್ರ ಕೈಗೆ ಬಂದಿರುತ್ತದೆ.

ನಮ್ಮ ಅಣ್ಣನಿಗೆ ಈ ಕಾಯಿಲೆ ಇದೆ. ಆಪರೇಷನ್ ಆಗಿಲ್ಲ. ಮಾತ್ರೆ ತಗೊಂಡು, ಅಂಗಡಿ ನೋಡಿಕೊಂಡು ಇದ್ದಾನೆ. ಅದೇ ಆಸ್ಪತ್ರೆಯಲ್ಲಿ ಪರಿಚಯವಾದ ಒಬ್ಬರನ್ನು ಬಂದ ರಾತ್ರಿಯೇ ಥಿಯೇಟರಿಗೆ ಒಯ್ದರು. ಕಾಯಿಲೆಯ ಹೆಸರು ಒಂದೇ, ದಾರಿ ಎರಡು. ನಿಮ್ಮ ಮನೆಯವರದ್ದು ಯಾವ ದಾರಿ, ಅಲ್ಲಿ ಯಾವ ಪ್ರಶ್ನೆ ಕೇಳಬೇಕು, ಮನೆಗೆ ಬಂದ ಮೇಲೆ ಹೇಗೆ ಬಾಳಬೇಕು ಅನ್ನೋದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಔಷಧಿಯ ಪ್ರಮಾಣ, ಆಪರೇಷನ್‌ನ ಸಮಯ ಇವನ್ನೆಲ್ಲ ನಿಮ್ಮ ಡಾಕ್ಟರೇ ಹೇಳಬೇಕು. ಅವರ ಮುಂದೆ ಕುಳಿತಾಗ ನಿಮಗೆ ವಿಷಯ ಗೊತ್ತಿರಲಿ ಅನ್ನೋದಷ್ಟೇ ಈ ಬರಹದ ಆಸೆ.

1. ಆಗಿದ್ದೇನು ಅಂತ ಮೊದಲು ತಿಳಿದುಕೊಳ್ಳಿ

ಹೃದಯದಿಂದ ಹೊರಡುವ ಅತಿ ದೊಡ್ಡ ರಕ್ತನಾಳವೇ ಮಹಾಧಮನಿ, ಅಂದರೆ ಅಯೋರ್ಟಾ. ಅದು ಹೃದಯದಿಂದ ಮೇಲಕ್ಕೆ ಏರಿ, ಎದೆಯೊಳಗೆ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲಿ ಹೊಟ್ಟೆಯವರೆಗೆ ಇಳಿಯುತ್ತದೆ. ಮಿದುಳು, ಕೈ, ಬೆನ್ನುಹುರಿ, ಕರುಳು, ಕಿಡ್ನಿ, ಕಾಲು ಎಲ್ಲಕ್ಕೂ ರಕ್ತ ಹೋಗುವುದು ಇದರ ಕವಲುಗಳಿಂದಲೇ.

ಈ ನಾಳದ ಗೋಡೆಗೆ ಮೂರು ಪದರ. ಒಳಪದರ ಎಲ್ಲೋ ಒಂದು ಕಡೆ ಹರಿದರೆ, ರಕ್ತ ಅಲ್ಲಿಂದ ನುಗ್ಗಿ ನಡುವಿನ ಪದರವನ್ನು ಸೀಳಿಕೊಂಡು ಹೋಗುತ್ತದೆ. ಗೋಡೆಯ ಗಿಲಾವಿನ ಹಿಂದೆ ನೀರು ಸೇರಿ, ಗಿಲಾವು ಉದ್ದಕ್ಕೂ ಬಿಟ್ಟುಕೊಳ್ಳುತ್ತಾ ಹೋಗುತ್ತಲ್ಲ, ಹಾಗೆ. ಈಗ ನಾಳದೊಳಗೆ ಎರಡು ದಾರಿಯಾಯಿತು. ಸ್ಕ್ಯಾನ್ ವರದಿಯಲ್ಲಿ ಬರುವ ‘ಟ್ರೂ ಲ್ಯುಮೆನ್’ ಮೊದಲಿಂದ ಇದ್ದ ದಾರಿ. ‘ಫಾಲ್ಸ್ ಲ್ಯುಮೆನ್’ ಸೀಳಿನಿಂದ ಹೊಸದಾಗಿ ಆದ ದಾರಿ.

ಅಪಾಯ ಬರುವುದು ಮೂರು ಬಗೆಯಲ್ಲಿ. ಉಳಿದಿರುವ ತೆಳುವಾದ ಹೊರಗೋಡೆ ಒಡೆಯಬಹುದು. ಹೊಸ ದಾರಿಯೊಳಗಿನ ರಕ್ತ ಹಳೆಯ ದಾರಿಯನ್ನು ಒತ್ತಿ ಕರುಳಿಗೋ ಕಿಡ್ನಿಗೋ ಕಾಲಿಗೋ ರಕ್ತ ತಪ್ಪಿಸಬಹುದು. ಇವೆರಡನ್ನೂ ದಾಟಿದರೆ, ಸೀಳಿದ ಗೋಡೆ ವರ್ಷಗಳ ಕಾಲ ನಿಧಾನವಾಗಿ ಉಬ್ಬುತ್ತಾ ಹೋಗಬಹುದು. ಮೊದಲೆರಡು ಇವತ್ತಿನ ಚಿಂತೆ, ಮೂರನೆಯದು ಜೀವನಪೂರ್ತಿ ಕಣ್ಣಿಡಬೇಕಾದದ್ದು.

ಕಾರಣ ಏನು ಅಂದರೆ, ಹೆಚ್ಚಿನವರಲ್ಲಿ ಹತೋಟಿ ತಪ್ಪಿದ ಬಿಪಿ. 12 ದೊಡ್ಡ ಆಸ್ಪತ್ರೆಗಳ 464 ರೋಗಿಗಳ ಲೆಕ್ಕ ಹಿಡಿದು 2000ದಲ್ಲಿ ಪ್ರಕಟವಾದ ‘ಐರಾಡ್’ ಎಂಬ ಅಂತರರಾಷ್ಟ್ರೀಯ ದಾಖಲೆಯಲ್ಲಿ ಶೇ 72ರಷ್ಟು ಜನರಿಗೆ ಬಿಪಿ ಇತ್ತು. ಚಿಕ್ಕ ವಯಸ್ಸಿನವರಿಗೆ ಆಗಿದ್ದರೆ ಮಾರ್ಫನ್ ಸಿಂಡ್ರೋಮ್‌ನಂಥ, ರಕ್ತನಾಳದ ಗೋಡೆಯನ್ನು ದುರ್ಬಲ ಮಾಡುವ, ಹುಟ್ಟಿನಿಂದ ಬಂದ ತೊಂದರೆ ಇದೆಯೇ ಅಂತ ನೋಡುತ್ತಾರೆ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

2. ‘ಎ’ಯೋ ‘ಬಿ’ಯೋ ಕೇಳಿ

ಬೇರೇನನ್ನು ಕೇಳಲು ಮರೆತರೂ ಇದನ್ನು ಮರೆಯಬೇಡಿ. “ಡಾಕ್ಟ್ರೇ, ಇದು ಟೈಪ್ ಎ ಅಥವಾ ಟೈಪ್ ಬಿ?” ಅಂತ ನೇರವಾಗಿ ಕೇಳಿ. 1970ರಿಂದ ಬಳಕೆಯಲ್ಲಿರುವ ಸ್ಟ್ಯಾನ್‌ಫರ್ಡ್ ವಿಂಗಡಣೆ ಇದು. ಹೃದಯದಿಂದ ಮೇಲಕ್ಕೆ ಏರುವ ಭಾಗದಲ್ಲಿ ಸೀಳು ಇದ್ದರೆ ಟೈಪ್ ಎ. ಆ ಭಾಗಕ್ಕೆ ಏನೂ ಆಗದೆ, ಕೆಳಕ್ಕೆ ಇಳಿಯುವ ಭಾಗದಲ್ಲಿ ಮಾತ್ರ ಇದ್ದರೆ ಟೈಪ್ ಬಿ. ಸೀಳು ಎಷ್ಟು ಉದ್ದ ಇದೆ ಅನ್ನೋದಕ್ಕಿಂತ ಎಲ್ಲಿ ಇದೆ ಅನ್ನೋದೇ ಮುಖ್ಯ. ಕುತ್ತಿಗೆ ಬುಡದಿಂದ ತೊಡೆಸಂದಿಯವರೆಗೆ ಸೀಳಿದ ಟೈಪ್ ಬಿ ರೋಗಿ ಮಾತ್ರೆಯಲ್ಲೇ ಸುಧಾರಿಸಬಹುದು. ಹೃದಯದ ಪಕ್ಕದ ಸಣ್ಣ ಸೀಳು ಅದೇ ದಿನ ಜೀವ ತೆಗೆಯಬಹುದು.

3. ಟೈಪ್ ಎ ಆದರೆ ತಡ ಮಾಡಬೇಡಿ

ಇಲ್ಲಿ ಯೋಚನೆಗೆ ಸಮಯ ಇಲ್ಲ. ಸೀಳು ಹಿಂದಕ್ಕೆ ಹಬ್ಬಿ ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಬಹುದು, ಹೃದಯದ ವಾಲ್ವ್ ಸೋರಬಹುದು, ಮಿದುಳಿಗೆ ರಕ್ತ ನಿಲ್ಲಬಹುದು. ಮೊದಲ ಎರಡು ದಿನ ಗಂಟೆ ಗಂಟೆಗೂ ಅಪಾಯ ಏರುತ್ತಾ ಹೋಗುತ್ತದೆ. ಅದೇ ಐರಾಡ್ ದಾಖಲೆಯಲ್ಲಿ, ಆಪರೇಷನ್ ಇಲ್ಲದೆ ಬರೀ ಔಷಧಿಯಲ್ಲಿ ಇದ್ದ ಟೈಪ್ ಎ ರೋಗಿಗಳಲ್ಲಿ ಶೇ 58ರಷ್ಟು ಜನ ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಆಪರೇಷನ್ ಆದವರಲ್ಲಿ ಶೇ 26. ಅದು ಹಳೆಯ ಲೆಕ್ಕ, ಅನುಭವ ಇರುವ ಆಸ್ಪತ್ರೆಗಳಲ್ಲಿ ಈಗ ಆಪರೇಷನ್‌ನ ಅಪಾಯ ಅದಕ್ಕಿಂತ ಕಡಿಮೆ. ಆದರೂ ಇದು ದೊಡ್ಡ ಆಪರೇಷನ್ ಅನ್ನೋದು ನಿಜ. ಮಾಡಿಸದಿದ್ದರೆ ಇನ್ನೂ ದೊಡ್ಡ ಅಪಾಯ ಅನ್ನೋದೂ ಅಷ್ಟೇ ನಿಜ.

“ಊರಿಂದ ಮಾವ ಬರಲಿ”, “ಇನ್ನೊಂದು ಕಡೆ ತೋರಿಸೋಣ”, “ಬೆಳಗಾಗಲಿ” ಅಂತ ಕಾಯಬೇಡಿ. ಸೆಕೆಂಡ್ ಒಪಿನಿಯನ್ ಬೇಕೇ ಬೇಕು ಅಂದರೆ ಸ್ಕ್ಯಾನ್‌ನ ಚಿತ್ರಗಳನ್ನು ಫೋನಿನಲ್ಲಿ ಕಳಿಸಿ ಕೇಳಿ, ರೋಗಿಯನ್ನು ಹೊತ್ತುಕೊಂಡು ಅಲೆಯಬೇಡಿ. ನೀವು ಇರುವ ಆಸ್ಪತ್ರೆಯಲ್ಲಿ ಈ ಆಪರೇಷನ್ ಮಾಡುವವರು ಇಲ್ಲದಿದ್ದರೆ ಮಾತ್ರ ಬೇರೆ ಕಡೆ ಸಾಗಿಸಬೇಕು. ಆಗ ಎರಡು ವಿಷಯ ಖಚಿತಪಡಿಸಿಕೊಳ್ಳಿ: ಆ ಕಡೆಯ ಸರ್ಜನ್‌ಗೆ ಈ ಡಾಕ್ಟರೇ ಫೋನ್ ಮಾಡಿ ಮಾತಾಡಿದ್ದಾರೆಯೇ, ಆಂಬ್ಯುಲೆನ್ಸ್‌ನಲ್ಲಿ ಬಿಪಿ ಇಳಿಸುವ ಡ್ರಿಪ್ ನಡೆಯುತ್ತಿರುತ್ತದೆಯೇ.

ಆಪರೇಷನ್‌ನಲ್ಲಿ ಎದೆಮೂಳೆ ಕೊಯ್ದು, ಹಾರ್ಟ್-ಲಂಗ್ ಮೆಷಿನ್ ಹಾಕಿ, ಮೈಯನ್ನು ತಣ್ಣಗೆ ಮಾಡಿ, ಸೀಳಿದ ಭಾಗವನ್ನು ತೆಗೆದು ಅಲ್ಲಿ ಡೇಕ್ರಾನ್ ಬಟ್ಟೆಯ ಕೊಳವೆ ಹೊಲಿಯುತ್ತಾರೆ. ಹೆಚ್ಚಾಗಿ ಸ್ವಲ್ಪ ಹೊತ್ತು ರಕ್ತ ಸಂಚಾರವನ್ನೇ ನಿಲ್ಲಿಸಬೇಕಾಗುತ್ತದೆ. ತಣ್ಣಗೆ ಮಾಡುವುದು ಆ ಹೊತ್ತಿನಲ್ಲಿ ಮಿದುಳನ್ನು ಕಾಪಾಡಲಿಕ್ಕೆ. ವಾಲ್ವ್ ಕೂಡ ಕೆಟ್ಟಿದ್ದರೆ ವಾಲ್ವ್ ಸಮೇತ ಬದಲಿಸುವ ಬೆಂಟಾಲ್ ಆಪರೇಷನ್ ಆಗಬಹುದು. ಲೋಹದ ವಾಲ್ವ್ ಹಾಕಿದರೆ ಜೀವನಪೂರ್ತಿ ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಮತ್ತು ರಕ್ತ ಎಷ್ಟು ತೆಳುವಾಗಿದೆ ಅಂತ ನೋಡಲು ಆಗಾಗ ಐಎನ್ಆರ್ ಎಂಬ ರಕ್ತ ಪರೀಕ್ಷೆ ಬೇಕು. ಹಳ್ಳಿಯಲ್ಲಿದ್ದು ಲ್ಯಾಬ್ ದೂರ ಇದ್ದರೆ ಆ ಮಾತನ್ನು ಸರ್ಜನ್‌ಗೆ ಮೊದಲೇ ಹೇಳಿ. ವಾಲ್ವ್ ಆರಿಸುವಾಗ ಅವರು ಅದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ.

ಒಂದು ಮಾತನ್ನು ಎಷ್ಟೋ ಮನೆಯವರು ಡಿಸ್ಚಾರ್ಜ್ ಆದ ಮೇಲೂ ತಿಳಿದಿರುವುದಿಲ್ಲ. ಟೈಪ್ ಎ ಆಪರೇಷನ್‌ನಲ್ಲಿ ಬದಲಾಗುವುದು ಹೃದಯದ ಹತ್ತಿರದ ಭಾಗ. ಸೀಳು ಕೆಳಗೂ ಹಬ್ಬಿದ್ದರೆ ಆ ಕೆಳಗಿನ ಸೀಳು ಹಾಗೇ ಉಳಿದಿರುತ್ತದೆ. ಹಾಗಾಗಿ ‘ಆಪರೇಷನ್ ಆಯ್ತು, ಇನ್ನು ವಾಸಿಯಾಯ್ತು’ ಅಂತ ಮಾತ್ರೆ, ಸ್ಕ್ಯಾನ್ ಬಿಡುವ ಹಾಗಿಲ್ಲ. ಇಲ್ಲಿಂದ ಮುಂದೆ ನಿಮ್ಮ ದಾರಿಯೂ ಟೈಪ್ ಬಿ ಮನೆಯವರ ದಾರಿಯೂ ಒಂದೇ.

4. ಟೈಪ್ ಬಿ ಆದರೆ: ಈಗಲೇ, ಆಮೇಲೆ, ಅಥವಾ ಬೇಡವೇ ಬೇಡ?

ನಿಜವಾದ ‘ತೀರ್ಮಾನ’ ಇರುವುದು ಇಲ್ಲಿ. ಅದನ್ನು ಎರಡು ಪ್ರಶ್ನೆಯಾಗಿ ಬಿಡಿಸಿಕೊಳ್ಳಿ.

ಮೊದಲ ಪ್ರಶ್ನೆ: ಈಗ ತೊಡಕು ಇದೆಯೇ? ನಾಳ ಒಡೆಯುತ್ತಿದ್ದರೆ, ಕರುಳು, ಕಿಡ್ನಿ ಅಥವಾ ಕಾಲಿಗೆ ರಕ್ತ ಹೋಗದಿದ್ದರೆ, ಮೂರು ನಾಲ್ಕು ಔಷಧಿ ಕೊಟ್ಟರೂ ನೋವು, ಬಿಪಿ ನಿಲ್ಲದಿದ್ದರೆ, ಅದು ತೊಡಕಿನ ಟೈಪ್ ಬಿ. ಇದಕ್ಕೂ ಕಾಯುವ ಹಾಗಿಲ್ಲ. ಸಾಧ್ಯ ಇದ್ದ ಕಡೆ ತೊಡೆಸಂದಿಯ ರಕ್ತನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್ (ಲೋಹದ ಬಲೆ ಇರುವ ಬಟ್ಟೆಯ ಕೊಳವೆ) ತೂರಿಸಿ ಹರಿದ ಬಾಯಿ ಮುಚ್ಚುತ್ತಾರೆ. ಡಾಕ್ಟರುಗಳು ಇದಕ್ಕೆ ಟೀವಾರ್ ಅನ್ನುತ್ತಾರೆ. ಇದರಲ್ಲಿ ಎದೆ ಕೊಯ್ಯುವುದಿಲ್ಲ.

ತೊಡಕು ಇಲ್ಲದಿದ್ದರೆ ಮೊದಲ ಚಿಕಿತ್ಸೆ ಔಷಧಿಯೇ. ಐಸಿಯುನಲ್ಲಿ ಡ್ರಿಪ್ ಮೂಲಕ ಮೇಲಿನ ಬಿಪಿಯನ್ನು 120ರ ಕೆಳಗೆ, ನಾಡಿಯನ್ನು 60ರ ಆಸುಪಾಸಿಗೆ ತರುತ್ತಾರೆ. “ಇಷ್ಟು ದೊಡ್ಡ ಕಾಯಿಲೆಗೆ ಬರೀ ಮಾತ್ರೆಯಾ?” ಅಂತ ನಮ್ಮ ಮನೆಯಲ್ಲೂ ಎಲ್ಲರೂ ಕೇಳಿದರು. ಇದು ಕೈಚೆಲ್ಲಿದ್ದಲ್ಲ. ಹೃದಯ ಪ್ರತಿ ಬಡಿತಕ್ಕೂ ಎಷ್ಟು ಜೋರಾಗಿ ತಳ್ಳುತ್ತದೆ ಅನ್ನೋದೇ ಸೀಳನ್ನು ಮುಂದಕ್ಕೆ ಒಯ್ಯುವುದು. ಆ ಹೊಡೆತವನ್ನು ಮೆತ್ತಗೆ ಮಾಡುವುದೇ ಇಲ್ಲಿ ಚಿಕಿತ್ಸೆ.

ಎರಡನೆಯ ಪ್ರಶ್ನೆ: ತೊಡಕು ಇಲ್ಲ, ಮಾತ್ರೆಯಲ್ಲಿ ಸ್ಥಿರ ಇದ್ದಾರೆ. ಮುಂದೆ ಉಬ್ಬದಿರಲಿ ಅಂತ ಈಗಲೇ ಸ್ಟೆಂಟ್ ಗ್ರಾಫ್ಟ್ ಹಾಕಿಸಬೇಕೇ? ಇದರಲ್ಲಿ ಡಾಕ್ಟರುಗಳ ನಡುವೆಯೇ ಭಿನ್ನಾಭಿಪ್ರಾಯ ಇದೆ, ಅದಕ್ಕೆ ಗಾಬರಿ ಬೇಡ. ಯುರೋಪಿನಲ್ಲಿ ನಡೆದ ‘ಇನ್‌ಸ್ಟೆಡ್’ ಎಂಬ ಅಧ್ಯಯನದಲ್ಲಿ ಇಂಥ 140 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಔಷಧಿ ಮಾತ್ರ, ಇನ್ನೊಂದಕ್ಕೆ ಔಷಧಿಯ ಜೊತೆ ಸ್ಟೆಂಟ್ ಗ್ರಾಫ್ಟ್. ಎರಡು ವರ್ಷದ ಹೊತ್ತಿಗೆ ಬದುಕುಳಿಯುವುದರಲ್ಲಿ ಲಾಭ ಕಾಣಲಿಲ್ಲ. ಐದು ವರ್ಷಕ್ಕೆ ನೋಡಿದಾಗ ಮಹಾಧಮನಿಯ ಕಾರಣದಿಂದ ಆದ ಸಾವು ಔಷಧಿ ಗುಂಪಿನಲ್ಲಿ ಶೇ 19.3, ಗ್ರಾಫ್ಟ್ ಗುಂಪಿನಲ್ಲಿ ಶೇ 6.9. ಅಂದರೆ ಗ್ರಾಫ್ಟ್‌ನ ಅಪಾಯ ಮೊದಲೇ ಎದುರಾಗುತ್ತದೆ, ಲಾಭ ನಿಧಾನಕ್ಕೆ ಬರುತ್ತದೆ. 50ರ ಆರೋಗ್ಯವಂತನಿಗೆ ಈ ಲೆಕ್ಕ ಒಂದು ರೀತಿ. ಬೇರೆ ಕಾಯಿಲೆಗಳೂ ಇರುವ 80ರ ಅಜ್ಜನಿಗೆ ಇನ್ನೊಂದು ರೀತಿ. ಮಾರ್ಫನ್ ಇದ್ದವರಿಗೆ ಸಾಮಾನ್ಯವಾಗಿ ಗ್ರಾಫ್ಟ್‌ಗಿಂತ ತೆರೆದ ಆಪರೇಷನ್ ಕಡೆಗೇ ಒಲವು.

ಗ್ರಾಫ್ಟ್‌ನ ಅಪಾಯಗಳನ್ನು ಹೆಸರು ಹಿಡಿದು ಕೇಳಿ: ಪಾರ್ಶ್ವವಾಯು, ಬೆನ್ನುಹುರಿಗೆ ರಕ್ತ ತಪ್ಪಿ ಕಾಲಿನ ಶಕ್ತಿ ಹೋಗುವುದು, ಗ್ರಾಫ್ಟ್ ಪಕ್ಕದಿಂದ ರಕ್ತ ಸೋರುವುದು, ಸೀಳು ಹಿಂದಕ್ಕೆ ಹಬ್ಬಿ ಟೈಪ್ ಎ ಆಗುವುದು. ಇವು ಎಲ್ಲರಿಗೂ ಆಗುವುದಿಲ್ಲ, ಆದರೆ ಸಹಿ ಹಾಕುವ ಮೊದಲು ಗೊತ್ತಿರಬೇಕು.

ಇನ್ನು ಅಳತೆಯ ಲೆಕ್ಕ. ಹಳೆಯದಾದ ಸೀಳು ಕೆಳಕ್ಕೆ ಇಳಿಯುವ ಭಾಗದಲ್ಲಿ ಉಬ್ಬಿ 5.5ರಿಂದ 6 ಸೆಂ.ಮೀ. ಮುಟ್ಟಿದರೆ, ಅಥವಾ ವರ್ಷಕ್ಕೆ ಅರ್ಧ ಸೆಂ.ಮೀ.ಗಿಂತ ಜಾಸ್ತಿ ಬೆಳೆದರೆ, ಆಪರೇಷನ್ ಮಾತು ಶುರುವಾಗುತ್ತದೆ. ಮಾರ್ಫನ್‌ನಂಥ ತೊಂದರೆ ಇದ್ದರೆ ಇನ್ನೂ ಮೊದಲೇ. 4 ಸೆಂ.ಮೀ. ಇದ್ದು ವರ್ಷಗಟ್ಟಲೆ ಹಾಗೇ ನಿಂತವರಿಗೆ ಬೇಡವೇ ಬೇಡ ಆಗಬಹುದು.

ಸರ್ಜನ್ ಹತ್ತಿರ ಹೋಗುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

- ಈಗ ಅತಿ ಅಗಲದ ಜಾಗದಲ್ಲಿ ಎಷ್ಟು ಸೆಂ.ಮೀ. ಇದೆ? ಮೊದಲ ಸ್ಕ್ಯಾನ್‌ನಲ್ಲಿ ಎಷ್ಟಿತ್ತು?
- ಫಾಲ್ಸ್ ಲ್ಯುಮೆನ್‌ನಲ್ಲಿ ಇನ್ನೂ ರಕ್ತ ಹರಿಯುತ್ತಿದೆಯೇ, ಹೆಪ್ಪುಗಟ್ಟಿದೆಯೇ?
- ಯಾವ ಅಂಗಕ್ಕೆ ಯಾವ ದಾರಿಯಿಂದ ರಕ್ತ ಹೋಗುತ್ತಿದೆ? ಎರಡೂ ಕಿಡ್ನಿ ಸರಿ ಇವೆಯೇ?
- ಆರು ತಿಂಗಳು ಕಾದರೆ ಕಳೆದುಕೊಳ್ಳುವುದೇನು, ಗಳಿಸುವುದೇನು?
- ಈ ಆಪರೇಷನ್ ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಜನರಿಗೆ ಮಾಡುತ್ತೀರಿ?

ಕೊನೆಯ ಪ್ರಶ್ನೆ ಕೇಳಲು ನಮ್ಮವರಿಗೆ ಸಂಕೋಚ. ಕೇಳಿ. ಆಗಾಗ ಮಾಡುವ ತಂಡದ ಕೈಯಲ್ಲಿ ಈ ಆಪರೇಷನ್‌ನ ಫಲ ಚೆನ್ನಾಗಿರುತ್ತದೆ. ಒಳ್ಳೆಯ ಸರ್ಜನ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಇಲ್ಲಿ ಸೆಕೆಂಡ್ ಒಪಿನಿಯನ್‌ಗೂ ಸಮಯ ಇದೆ, ತಗೊಳ್ಳಿ.

5. ರೋಗಿಯ ಮನಸ್ಸಿನಲ್ಲಿ ಏನಿದೆ?

ಅಮೆರಿಕದ ಹೂಸ್ಟನ್‌ನಲ್ಲಿದ್ದ ಮೈಕೆಲ್ ಡಿಬೇಕಿ ಈ ಕಾಯಿಲೆಯ ಆಪರೇಷನ್‌ಗೆ ದಾರಿ ತೋರಿದ ಸರ್ಜನ್. 2005ರ ಡಿಸೆಂಬರ್ 31ರಂದು, 97ನೇ ವಯಸ್ಸಿನಲ್ಲಿ, ಅವರಿಗೇ ಮಹಾಧಮನಿ ಸೀಳಿತು. ನೋವು ಬಂದಾಗಲೇ ಅವರಿಗೆ ಅದೇನೆಂದು ಅನುಮಾನ ಬಂತು. ಆಪರೇಷನ್‌ಗೆ ಅವರು ಒಪ್ಪಲಿಲ್ಲ. ವಾರಗಳ ನಂತರ ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದಾಗ, ಆಸ್ಪತ್ರೆಯ ನೈತಿಕ ಸಮಿತಿ ಕೂತು ಚರ್ಚೆ ಮಾಡಿ, ಹೆಂಡತಿಯ ಒತ್ತಾಯದ ಮೇಲೆ 2006ರ ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು, ಮಾಡಿದ್ದು ಒಳ್ಳೆಯದೇ ಆಯಿತು ಅಂತ ಆಮೇಲೆ ಹೇಳಿದರು. 2008ರ ಜುಲೈನಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಕತೆಯನ್ನು ಹೇಳುವುದು 97ಕ್ಕೂ ಆಪರೇಷನ್ ಮಾಡಿಸಿ ಅಂತಲ್ಲ. ಎಲ್ಲ ತಿಳಿದ ಡಾಕ್ಟರ ಮನೆಯಲ್ಲೇ ತೀರ್ಮಾನ ಅಷ್ಟು ಕಷ್ಟವಾಯಿತು. ನಮ್ಮಲ್ಲಿ ಇನ್ನೂ ಒಂದು ರೂಢಿ ಇದೆ: ರೋಗಿಗೆ ಹೇಳದೆ ಮಕ್ಕಳೇ ಎಲ್ಲ ನಿರ್ಧರಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ಸ್ಥಿರವಾಗಿ ಮಾತಾಡುವಾಗಲೇ ಕೇಳಿ. “ಅಪ್ಪಾ, ಮುಂದೆ ಇದು ಉಬ್ಬಿದರೆ ಆಪರೇಷನ್ ಬೇಕು ಅಂತಾರೆ. ಕಾಲಿನ ಶಕ್ತಿ ಹೋಗುವ ಅಪಾಯವೂ ಇದೆ ಅಂತಾರೆ. ನಿಮಗೆ ಏನನ್ನಿಸುತ್ತೆ?” ಎಂಥ ಬದುಕು ಬೇಕು, ಎಂಥದ್ದು ಬೇಡ ಅನ್ನೋದು ಅವರ ಮಾತಿನಲ್ಲೇ ಬರಲಿ. ನಮ್ಮ ಅಣ್ಣ ಯೋಚಿಸಿ ಹೇಳಿದ್ದು ಇಷ್ಟೇ: “ಉಬ್ಬಿದರೆ ಮಾಡಿಸ್ತೀನಿ. ಉಬ್ಬುವ ತನಕ ಸುಮ್ನೆ ಹೆದರಿಸಬೇಡಿ.” ಅದನ್ನು ಮನೆಯವರೆಲ್ಲ ಒಪ್ಪಿದ ಮೇಲೆ ಅರ್ಧ ಭಾರ ಇಳಿಯಿತು.

6. ದುಡ್ಡಿನ ಮಾತು ಮೊದಲೇ ಆಡಿ

ಸ್ಟೆಂಟ್ ಗ್ರಾಫ್ಟ್ ಒಂದಕ್ಕೇ ಲಕ್ಷಗಟ್ಟಲೆ ಆಗುತ್ತದೆ. ಅಂದಾಜು ಪಟ್ಟಿ ಕೇಳುವಾಗ ಗ್ರಾಫ್ಟ್‌ನ ಬೆಲೆ, ಐಸಿಯು ದಿನಗಳು, ರಕ್ತ ಇವು ಒಳಗೆ ಸೇರಿವೆಯೋ ಹೊರಗೋ ಅಂತ ಬಿಡಿಸಿ ಕೇಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದವರೆಗೆ ನೆರವು ಸಿಗುತ್ತದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ‘ಆರೋಗ್ಯ ಮಿತ್ರ’ ಅಂತ ಒಬ್ಬರು ಇರುತ್ತಾರೆ. ಅವರನ್ನು ಮೊದಲ ದಿನವೇ ಹುಡುಕಿ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ, ಕಾರ್ಖಾನೆ ಕೆಲಸದಲ್ಲಿದ್ದರೆ ಇಎಸ್ಐ ಇದೆಯೇ ನೋಡಿ. ಸರ್ಕಾರಿ ವ್ಯವಸ್ಥೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿ ಮೂರೂ ಕಡೆ ಇದೆ.

7. ಬಿಪಿ: ಇದು ದಿನದ ಕೆಲಸ

ಆಪರೇಷನ್ ಆಗಲಿ ಬಿಡಲಿ, ಬದುಕು ನಿಂತಿರುವುದು ಇದರ ಮೇಲೆ. ಮನೆಯಲ್ಲಿ ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮೆಷಿನ್ ಇರಲೇಬೇಕು. ಮಣಿಕಟ್ಟಿನದು ಬೇಡ. ಮೊದಲ ಸಲ ಎರಡೂ ಕೈಯಲ್ಲಿ ನೋಡಿ. ಸೀಳಿನಿಂದ ಒಂದು ಕೈಗೆ ರಕ್ತ ಕಡಿಮೆ ಹೋಗುತ್ತಿದ್ದರೆ ಆ ಕೈಯ ಬಿಪಿ ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಜಾಸ್ತಿ ತೋರಿಸುವ ಕೈಯದ್ದೇ ನಿಮ್ಮ ಬಿಪಿ. ಅದು ಬಲವೋ ಎಡವೋ ಅಂತ ಪುಸ್ತಕದ ಮೊದಲ ಹಾಳೆಯಲ್ಲಿ ಬರೆದಿಡಿ, ಯಾವ ಕ್ಲಿನಿಕ್‌ಗೆ ಹೋದರೂ ಅದೇ ಕೈ ಚಾಚಿ.

ಕಾಫಿ ಕುಡಿದ ಕೂಡಲೇ, ಮೆಟ್ಟಿಲು ಹತ್ತಿದ ಕೂಡಲೇ ನೋಡಬೇಡಿ. ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಮಾತಾಡದೆ ಐದು ನಿಮಿಷ ಕೂತು, ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆಯಿರಿ. ನಾಡಿಯನ್ನೂ ಬರೆಯಿರಿ. ಅಣ್ಣನ ಪುಸ್ತಕದಲ್ಲಿ ನಾಲ್ಕು ಕಾಲಂ: ಬೆಳಿಗ್ಗೆ, ಸಂಜೆ, ನಾಡಿ, ಮತ್ತು ‘ಇವತ್ತು ಏನಾಯ್ತು’. ಕೊನೆಯ ಕಾಲಂನಲ್ಲಿ ‘ಮದುವೆ ಊಟ’, ‘ನಿದ್ದೆ ಇಲ್ಲ’, ‘ಮಾತ್ರೆ ತಡ’ ಅಂತ ಇರುತ್ತದೆ. ಡಾಕ್ಟರು ಮೊದಲು ನೋಡುವುದೇ ಅದನ್ನು.

ಸಾಮಾನ್ಯವಾಗಿ ಗುರಿ 130/80ರ ಕೆಳಗೆ. ತಡೆದುಕೊಳ್ಳುವವರಿಗೆ ಮೇಲಿನದನ್ನು 120ಕ್ಕೂ ಇಳಿಸುತ್ತಾರೆ. ನಿಮ್ಮ ಗುರಿ ಎಷ್ಟು ಅಂತ ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಹೆಚ್ಚಿನವರಿಗೆ ಇರುತ್ತದೆ. ಶುರುವಿನಲ್ಲಿ ಸುಸ್ತು, ಎದ್ದು ನಿಂತಾಗ ತಲೆ ತಿರುಗುವುದು ಇರಬಹುದು. ಅದಕ್ಕಂತ ನೀವೇ ನಿಲ್ಲಿಸಬೇಡಿ. ಈ ಮಾತ್ರೆಯನ್ನು ದಿಢೀರನೆ ಬಿಟ್ಟರೆ ನಾಡಿ, ಬಿಪಿ ಎರಡೂ ಜಿಗಿಯುತ್ತವೆ. ಡಾಕ್ಟರಿಗೆ ಹೇಳಿದರೆ ಪ್ರಮಾಣ ಬದಲಿಸುತ್ತಾರೆ, ಬೇರೆ ಮಾತ್ರೆ ಕೊಡುತ್ತಾರೆ. ಏಕಾದಶಿ, ಶಿವರಾತ್ರಿ ಉಪವಾಸ ಅಂತ ಮಾತ್ರೆ ಬಿಡುವುದು ಬೇಡ, ರಂಜಾನ್ ತಿಂಗಳಾದರೆ ಸಮಯವನ್ನು ಡಾಕ್ಟರ ಹತ್ತಿರ ಮೊದಲೇ ಹೊಂದಿಸಿಕೊಳ್ಳಿ. ಊರಿಗೆ ಹೊರಟರೆ ಮಾತ್ರೆ ಕೈಚೀಲದಲ್ಲಿರಲಿ, ಬಸ್ಸಿನ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿ ಬೇಡ.

8. ಮೆಡಿಕಲ್ ಸ್ಟೋರಿನ ಮುಂದೆ ಎಚ್ಚರ

ಈ ವಿಷಯವನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿರುವುದು ಕಡಿಮೆ, ಆದರೆ ನಮ್ಮ ದೇಶದಲ್ಲಿ ಇದು ತುಂಬಾ ಮುಖ್ಯ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್ ಒಂದೇ ಗುಂಪಿನ ಆಂಟಿಬಯೋಟಿಕ್‌ಗಳು. ಇವು ಮಹಾಧಮನಿ ಸೀಳುವ, ಒಡೆಯುವ ಅಪಾಯ ಹೆಚ್ಚಿಸಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. ಬೇರೆ ಔಷಧಿ ಇಲ್ಲದಿದ್ದರೆ ಮಾತ್ರ ಇಂಥ ರೋಗಿಗಳಿಗೆ ಕೊಡಬೇಕು ಅಂತ ಹೇಳಿದೆ. ನಮ್ಮಲ್ಲಿ ಭೇದಿ ಅಂದರೆ ಅಂಗಡಿಯವರು ಚೀಟಿ ಇಲ್ಲದೆಯೂ ಕೊಡುವುದು ಹೆಚ್ಚಾಗಿ ಓಫ್ಲಾಕ್ಸಾಸಿನ್-ಆರ್ನಿಡಜೋಲ್ ಮಾತ್ರೆ. ಉರಿಮೂತ್ರಕ್ಕೆ ನಾರ್‌ಫ್ಲಾಕ್ಸಾಸಿನ್. ಸ್ಟ್ರಿಪ್ ಹಿಂದೆ ‘ಫ್ಲಾಕ್ಸಾಸಿನ್’ ಅಂತ ಕೊನೆಯಾಗುವ ಹೆಸರು ಕಂಡರೆ ವಾಪಸ್ ಕೊಟ್ಟು, ಡಾಕ್ಟರಿಗೆ ಫೋನ್ ಮಾಡಿ.

ಮೂಗು ಕಟ್ಟಿದ್ದಕ್ಕೆ ಕೊಡುವ ನೆಗಡಿ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ, ಅದು ಬಿಪಿ ಏರಿಸಬಲ್ಲದು. ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಕೂಡ ಹಾಗೆಯೇ, ಕಿಡ್ನಿಗೂ ಭಾರ. ಕೆಮ್ಮಿಗೆ ಒಳ್ಳೆಯದು ಅಂತ ದಿನಾ ಜೇಷ್ಠಮಧು ಕಷಾಯ ಕುಡಿಯುವ ಅಭ್ಯಾಸ ಇದ್ದರೆ ಬಿಡಿ. ಅದೂ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ.

9. ಮನೆಗೆಲಸ, ಊಟ, ಮನಸ್ಸು

ನಡಿಗೆ ಒಳ್ಳೆಯದು. ಮಾತಾಡುತ್ತಾ ನಡೆಯುವಷ್ಟು ವೇಗದಲ್ಲಿ ಅರ್ಧ ಗಂಟೆವರೆಗೆ ನಿಧಾನಕ್ಕೆ ಏರಿಸಿಕೊಳ್ಳಿ. ತೊಂದರೆ ಇರುವುದು ಉಸಿರು ಬಿಗಿಹಿಡಿದು ಮುಕ್ಕುವ ಕೆಲಸಗಳಲ್ಲಿ, ಆಗ ಬಿಪಿ ಕ್ಷಣದಲ್ಲಿ ಮೇಲಕ್ಕೆ ಹೋಗುತ್ತದೆ. ಗ್ಯಾಸ್ ಸಿಲಿಂಡರ್ ಎತ್ತುವುದು, 20 ಲೀಟರ್ ನೀರಿನ ಕ್ಯಾನ್ ಮಗುಚುವುದು, ಅಕ್ಕಿ ಮೂಟೆ ಹೊರುವುದು, ಬುಲೆಟ್ ಬೈಕನ್ನು ಸೆಂಟರ್ ಸ್ಟ್ಯಾಂಡ್‌ಗೆ ಹಾಕುವುದು ಬಿಡಿ. ಜಿಮ್‌ನಲ್ಲಿ ಭಾರ ಎತ್ತುವುದೂ ಬೇಡ. ಯೋಗದಲ್ಲಿ ಉಸಿರು ಕಟ್ಟುವ ಕುಂಭಕ, ಜೋರಾದ ಭಸ್ತ್ರಿಕಾ, ಶೀರ್ಷಾಸನ ಬೇಡ. ಸರಳ ಆಸನ, ಮೆತ್ತಗಿನ ಉಸಿರಾಟ ಸಾಕು. ಎದೆಮೂಳೆ ಕೊಯ್ದ ಆಪರೇಷನ್ ಆಗಿದ್ದರೆ, ಅದು ಕೂಡುವ ತನಕ, ಅಂದರೆ ಸುಮಾರು ಎರಡು ಮೂರು ತಿಂಗಳು, ಟೂವೀಲರ್ ಓಡಿಸಬೇಡಿ. ಗಂಡ ಹೆಂಡತಿ ಸಂಬಂಧದ ಬಗ್ಗೆಯೂ ಡಾಕ್ಟರನ್ನು ಕೇಳಬಹುದು. ಬಿಪಿ ಹತೋಟಿಯಲ್ಲಿದ್ದರೆ ಹೆಚ್ಚಿನವರಿಗೆ ಅಡ್ಡಿ ಇಲ್ಲ ಅಂತಾರೆ.

ಮಲಬದ್ಧತೆಯನ್ನು ಹಗುರವಾಗಿ ತಗೋಬೇಡಿ. ಮುಕ್ಕುವುದೂ ಭಾರ ಎತ್ತಿದಷ್ಟೇ ಕೆಟ್ಟದ್ದು. ಸೊಪ್ಪು, ಹಣ್ಣು, ನೀರು, ಬೇಕಾದರೆ ಇಸಬ್‌ಗೋಲ್. ಸಾಧ್ಯವಾದರೆ ಮನೆಯಲ್ಲಿ ಕಮೋಡ್ ಹಾಕಿಸಿ.

ಉಪ್ಪು ದಿನಕ್ಕೆ ಒಟ್ಟು ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ಒಳಗೆ. ಸಾರಿನ ಉಪ್ಪಿಗಿಂತ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ಖಾರ ಇವುಗಳ ಉಪ್ಪು ಲೆಕ್ಕಕ್ಕೆ ಸಿಗುವುದಿಲ್ಲ, ಅಲ್ವಾ? ಅಲ್ಲೇ ಮೊದಲು ಕಡಿತ ಮಾಡಿ. ಬೀಡಿ, ಸಿಗರೇಟು, ಎಲೆ ಅಡಿಕೆ ಜೊತೆಯ ಹೊಗೆಸೊಪ್ಪು ಪೂರ್ತಿ ಬಂದ್.

ಮನಸ್ಸಿನ ಮಾತು ಯಾರೂ ಆಡುವುದಿಲ್ಲ. ಎದೆಯಲ್ಲಿ ಗ್ಯಾಸ್ ಆದರೂ ‘ಮತ್ತೆ ಸೀಳಿತಾ’ ಅನ್ನುವ ಭಯ. ರಾತ್ರಿ ನಿದ್ದೆಯಿಂದ ಎದ್ದು ಬಿಪಿ ನೋಡಿಕೊಳ್ಳುವುದು. ಗಾಬರಿಗೆ ಬಿಪಿ ಏರುವುದು, ಏರಿದ್ದಕ್ಕೆ ಇನ್ನೂ ಗಾಬರಿ. ಮನೆಯವರೂ ರೋಗಿಯನ್ನು ಗಾಜಿನ ಸಾಮಾನಿನಂತೆ ಕೂರಿಸಿಬಿಡುತ್ತಾರೆ, ಅವರಿಗೆ ಉಸಿರುಗಟ್ಟುತ್ತದೆ. ಬಿಪಿ ನೋಡುವುದಕ್ಕೆ ಎರಡೇ ಹೊತ್ತು ಅಂತ ಕಟ್ಟುಪಾಡು ಮಾಡಿಕೊಳ್ಳಿ. ಭಯ ವಾರಗಟ್ಟಲೆ ಬಿಡದಿದ್ದರೆ ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

10. ಸ್ಕ್ಯಾನ್ ತಪ್ಪಿಸಬೇಡಿ, ಸಿಡಿ ಬಿಸಾಡಬೇಡಿ

ಸಾಮಾನ್ಯವಾಗಿ ಒಂದು ತಿಂಗಳು, ಆರು ತಿಂಗಳು, ಒಂದು ವರ್ಷಕ್ಕೆ ಸಿಟಿ ಆಂಜಿಯೋ (ಇಂಜೆಕ್ಷನ್ ಕೊಟ್ಟು ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್), ಆಮೇಲೆ ವರ್ಷಕ್ಕೊಮ್ಮೆ. ಚೆನ್ನಾಗಿದ್ದೇನೆ ಅಂತ ಬಿಡಬೇಡಿ, ಉಬ್ಬುವಾಗ ನೋವೇ ಇರುವುದಿಲ್ಲ. ಸ್ಕ್ಯಾನ್‌ಗೆ ಮೊದಲು ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ತಿಳಿಸಿ. ವಯಸ್ಸು ಚಿಕ್ಕದಾಗಿದ್ದರೆ ರೇಡಿಯೇಷನ್ ಕಡಿಮೆ ಮಾಡಲು ಎಂಆರ್‌ಐ ಆಗುತ್ತದೆಯೇ ಕೇಳಿ.

ವರದಿಯ ಹಾಳೆಗಿಂತ ಸಿಡಿ ಮುಖ್ಯ. ಅಣ್ಣನ ಎರಡನೇ ವರದಿಯಲ್ಲಿ 4.9 ಸೆಂ.ಮೀ. ಅಂತ ಬಂತು, ಅದಕ್ಕೂ ಮೊದಲು ಬೇರೆ ಸೆಂಟರಿನಲ್ಲಿ 4.4 ಇತ್ತು. ಅರ್ಧ ಸೆಂ.ಮೀ. ಬೆಳೆದಿದೆ ಅಂತ ಮನೆಯಲ್ಲಿ ಊಟ ಸೇರಲಿಲ್ಲ. ಸರ್ಜನ್ ಎರಡೂ ಸಿಡಿಯನ್ನು ಅಕ್ಕಪಕ್ಕ ತೆರೆದು, ಒಂದೇ ಜಾಗದಲ್ಲಿ ನಾಳಕ್ಕೆ ಅಡ್ಡಲಾಗಿ ನೇರ ಗೆರೆ ಎಳೆದು ತೋರಿಸಿದರು. ಎರಡನೆಯ ಕಡೆ ಬಾಗಿದ ನಾಳವನ್ನು ಓರೆಯಾಗಿ ಅಳೆದಿದ್ದರು. ನಿಜವಾದ ವ್ಯತ್ಯಾಸ ಒಂದು ಮಿಲಿಮೀಟರ್. ಆದ್ದರಿಂದ ಸಾಧ್ಯವಾದಷ್ಟು ಒಂದೇ ಸೆಂಟರಿನಲ್ಲಿ ಮಾಡಿಸಿ, ಹಿಂದಿನ ಸಿಡಿಯನ್ನು ಜೊತೆಗೆ ಕೊಟ್ಟು ‘ಹೋಲಿಸಿ ಹೇಳಿ’ ಅಂತ ಕೇಳಿ. ಹೋಲಿಕೆ ಕಳೆದ ವರ್ಷದ್ದಕ್ಕಷ್ಟೇ ಅಲ್ಲ, ಮೊಟ್ಟಮೊದಲ ಸ್ಕ್ಯಾನ್‌ಗೂ ಆಗಬೇಕು. ವರ್ಷ ವರ್ಷದ ಸಣ್ಣ ಬೆಳವಣಿಗೆ ಒಟ್ಟು ಎಷ್ಟಾಯಿತು ಅಂತ ಆಗ ಗೊತ್ತಾಗುತ್ತದೆ.

11. ಮತ್ತೆ ನೋವು ಬಂದರೆ

ಎದೆ, ಬೆನ್ನು ಅಥವಾ ಹೊಟ್ಟೆಯಲ್ಲಿ ದಿಢೀರನೆ ಹರಿದಂಥ ನೋವು, ಒಂದು ಕೈ ಅಥವಾ ಕಾಲು ತಣ್ಣಗಾಗುವುದು, ಮಾತು ತೊದಲುವುದು, ಕಾಲಿನ ಶಕ್ತಿ ಹೋಗುವುದು, ಕಣ್ಣು ಕತ್ತಲೆ ಬಂದು ಬೀಳುವುದು: ಇದರಲ್ಲಿ ಒಂದಾದರೂ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಇಸಿಜಿ ಸರಿ ಇದ್ದ ಮಾತ್ರಕ್ಕೆ ಮನೆಗೆ ಬರಬೇಡಿ.

ಬಾಗಿಲಲ್ಲೇ ಹೇಳಬೇಕಾದ ಮೊದಲ ಮಾತು: “ಇವರಿಗೆ ಅಯೋರ್ಟಿಕ್ ಡಿಸೆಕ್ಷನ್ ಇದೆ.” ಎದೆನೋವು ಅಂತ ಬಂದವರಿಗೆ ಹಾರ್ಟ್ ಅಟ್ಯಾಕ್ ಅಂತ ಕಂಡರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಅದು ತಾಲ್ಲೂಕು ಆಸ್ಪತ್ರೆಗಳಲ್ಲೂ ಸಿಗುತ್ತಿದೆ. ಹಾರ್ಟ್ ಅಟ್ಯಾಕ್‌ಗೆ ಅದು ಜೀವ ಉಳಿಸುವ ಔಷಧಿ, ಡಿಸೆಕ್ಷನ್‌ಗೆ ಅಪಾಯ. ಪರ್ಸಿನಲ್ಲಿ ಒಂದು ಕಾರ್ಡ್ ಇಡಿ: ಕಾಯಿಲೆಯ ಹೆಸರು, ಎ ಅಥವಾ ಬಿ, ಆಪರೇಷನ್ ಆಗಿದ್ದರೆ ಯಾವುದು, ತಗೊಳ್ಳುವ ಮಾತ್ರೆ, ಬಿಪಿ ನೋಡಬೇಕಾದ ಕೈ, ಮನೆಯವರ ಫೋನ್. ಅದನ್ನೇ ಫೋಟೋ ತೆಗೆದು ಮನೆಯ ಎಲ್ಲರ ಫೋನಿನಲ್ಲೂ ಹಾಕಿ.

12. ಮಕ್ಕಳನ್ನೂ ಒಡಹುಟ್ಟಿದವರನ್ನೂ ತೋರಿಸಿ

ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳು: ಇಷ್ಟು ಜನರಿಗೆ ಒಂದು ಸಲ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ ಮಹಾಧಮನಿಯ ಅಗಲ ನೋಡಿಸಬೇಕು. ರೋಗಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಮನೆತನದಲ್ಲಿ ಯಾರಾದರೂ ‘ಇದ್ದಕ್ಕಿದ್ದಂತೆ ಕುಸಿದು’ ತೀರಿಕೊಂಡಿದ್ದರೆ, ತುಂಬಾ ಎತ್ತರ, ಉದ್ದ ಬೆರಳು, ಕಣ್ಣಿನ ಮಸೂರ ಜಾರಿದ್ದು ಇಂಥ ಲಕ್ಷಣ ಇದ್ದರೆ ಇದು ಇನ್ನೂ ಮುಖ್ಯ. ಆಗ ಜೀನ್ ಪರೀಕ್ಷೆಯ ಬಗ್ಗೆಯೂ ಕೇಳಿ. ಅಂಥ ಮನೆಯ ಹೆಣ್ಣುಮಕ್ಕಳು ಬಸುರಿಯಾಗುವ ಮೊದಲೇ ತೋರಿಸಿಕೊಳ್ಳಬೇಕು. ಮಾರ್ಫನ್ ಇದ್ದವರಿಗೆ ಬಸಿರಿನ ಕೊನೆಯ ತಿಂಗಳುಗಳು ಮತ್ತು ಹೆರಿಗೆಯ ನಂತರದ ವಾರಗಳು ಅಪಾಯದ ಹೊತ್ತು. “ಮದುವೆ ಮಾತು ನಡೆಯುತ್ತಿದೆ, ಈಗ ಬೇಡ” ಅಂತ ಮುಂದೂಡಬೇಡಿ.

ಎಕೋಗೆ ಹೋಗುವಾಗ ರೋಗಿಯ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಒಯ್ಯಿರಿ. ಚೀಟಿಯಲ್ಲಿ ‘ಮಹಾಧಮನಿಯ ಬುಡ ಮತ್ತು ಮೇಲೇರುವ ಭಾಗ, ಎರಡರ ಅಳತೆಯೂ ಬೇಕು, ವಾಲ್ವ್‌ಗೆ ಎರಡು ಎಲೆಯೋ ಮೂರು ಎಲೆಯೋ ಹೇಳಿ’ ಅಂತ ಡಾಕ್ಟರಿಂದ ಬರೆಸಿ. ಸುಮ್ನೆ ‘ಎಕೋ ನಾರ್ಮಲ್’ ಅಂತ ಒಂದೇ ಸಾಲು ಬರೆದು ಕೊಟ್ಟರೆ ಅಳತೆ ಹಾಕಿಸಿಕೊಂಡೇ ಬನ್ನಿ. ಮುಂದಿನ ಸಲ ಹೋಲಿಸಿ ನೋಡಲು ಆ ಅಂಕಿ ಬೇಕು.